ಸರ್ಜರಿ ಆದ್ಮೇಲೆ ಕಾಫಿ ಯಾವಾಗ?

ಇಂಟರ್ನಲ್ಸ್ ಬಂತಂದ್ರೆ ನಮ್ಮ ಕ್ಯಾಂಟೀನಲ್ಲಿ ನೀರಿಗಿಂತ ಕಾಫಿನೇ ಜಾಸ್ತಿ ಖರ್ಚಾಗುತ್ತೆ. ಇಂಥ ನಮಗೆ ಯಾರಾದ್ರೂ "ಒಂದು ತಿಂಗಳು ಕಾಫಿ ಮುಟ್ಟಬೇಡಿ" ಅಂದ್ರೆ ಹೇಗಿರುತ್ತೆ?

ನಮ್ಮ ಕ್ಲಬ್ಬಿನ ಗೆಳೆಯನೊಬ್ಬನ ಅಮ್ಮನಿಗೆ ತೂಕ ಇಳಿಸುವ ಗ್ಯಾಸ್ಟ್ರಿಕ್ ಬೈಪಾಸ್ ಸರ್ಜರಿ ಆಯ್ತು. ಹಾಸನದ ಕಡೆಯವರು, ಬೆಳಗ್ಗೆ ಫಿಲ್ಟರ್ ಕಾಫಿ ಆಗದೆ ಮಾತೇ ಆಡದವರು. ಆಸ್ಪತ್ರೆಯಿಂದ ಬಂದ ಕೂಡಲೇ ಮಗನನ್ನು ಕೇಳಿದ್ದು ಒಂದೇ: "ಕಾಫಿ ಯಾವಾಗ ಕುಡೀಬಹುದೋ?" ಅವನಿಗೆ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಆಮೇಲೆ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ತಿದ್ದೀವಿ.

ಟ್ಯಾಂಕ್ ಚಿಕ್ಕದಾಗಿದೆ

ಹೆಚ್ಚಾಗಿ ನಡೆಯುವ ಸರ್ಜರಿಗಳು ಎರಡು. ಸ್ಲೀವ್‌ನಲ್ಲಿ ಜಠರದ ಸುಮಾರು 75-80% ಭಾಗವನ್ನು ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯಷ್ಟನ್ನೇ ಉಳಿಸ್ತಾರೆ. ಬೈಪಾಸ್‌ನಲ್ಲಿ ಸುಮಾರು 30 ಎಂಎಲ್ ಹಿಡಿಯುವ ಪುಟ್ಟ ಚೀಲ ಮಾಡಿ, ಸಣ್ಣ ಕರುಳಿನ ಮೊದಲ ಭಾಗವನ್ನು ಬಿಟ್ಟು ಮುಂದಿನ ಭಾಗಕ್ಕೆ ಜೋಡಿಸ್ತಾರೆ.

ಟ್ಯಾಂಕ್ ಚಿಕ್ಕದಾದರೂ ದೇಹದ ಬೇಡಿಕೆ ಕಮ್ಮಿ ಆಗಲ್ಲ. ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ದ್ರವ, ಸುಮಾರು 60 ಗ್ರಾಂ ಪ್ರೋಟೀನ್ ಬೇಕೇ ಬೇಕು. ನಾವು ಇಂಜಿನಿಯರಿಂಗ್‌ನವರಲ್ವಾ, ಲೆಕ್ಕ ಹಾಕೋಣ. ಕಾಲು ಗಂಟೆಗೆ 30 ಎಂಎಲ್ ಗುಟುಕರಿಸಿದರೆ ಗಂಟೆಗೆ 120 ಎಂಎಲ್. 1500 ಎಂಎಲ್ ಮುಗಿಸೋಕೆ ಹನ್ನೆರಡೂವರೆ ಗಂಟೆ! ಅಂದರೆ ಒಂದು ಚಿಕ್ಕ ಲೋಟ ಕಾಫಿ ಕುಡಿದರೆ ನೀರಿಗೋ ಪ್ರೋಟೀನ್‌ಗೋ ಸಿಗಬೇಕಾದ ಒಂದು ಗಂಟೆ ಹೋಯ್ತು. ಕಾಫಿ ಕುಡಿದರೆ ಮೈಯಲ್ಲಿರೋ ನೀರೆಲ್ಲ ಹೋಗಿಬಿಡುತ್ತೆ ಅನ್ನೋದು ಉತ್ಪ್ರೇಕ್ಷೆ. ಮಿತವಾಗಿ ಕುಡಿದ ಕಾಫಿಯೂ ದ್ರವವೇ. ಆದರೆ ಅದು ಆಮ್ಲ ಹೆಚ್ಚಿಸುತ್ತೆ, ಎದೆಯುರಿ ತರಬಹುದು. ಹೊಲಿಗೆ ಇನ್ನೂ ಮಾಯುತ್ತಿರುವಾಗ ಇದೆಲ್ಲ ಯಾಕೆ ಅಂತ ಅನೇಕ ವೈದ್ಯರು ಮೊದಲ ತಿಂಗಳು ಬೇಡ ಅಂತಾರೆ. ಕೆಲವರು ಇನ್ನೂ ಹೆಚ್ಚು ಕಾಲ ಕಾಯಿಸ್ತಾರೆ.

ಕಾಫಿ ಥಟ್ಟನೆ ಬಿಟ್ಟರೆ ತಲೆನೋವು ಗ್ಯಾರಂಟಿ ಅನ್ನುವವರು ಸರ್ಜರಿಗೆ ಮುಂಚೆಯೇ ದಿನಕ್ಕಿಷ್ಟು ಅಂತ ಕಮ್ಮಿ ಮಾಡ್ತಾ ಬರೋದು ಒಳ್ಳೇದು.

ಅಸಲಿ ತೊಂದರೆ ಕಬ್ಬಿಣದ್ದು

ಎರಡು ತಿಂಗಳಾದ ಮೇಲೆ ಅಮ್ಮನಿಗೆ ಕಾಫಿ ಕುಡಿಯಲು ಅನುಮತಿ ಸಿಕ್ತು. ಎಲ್ಲರಿಗೂ ಖುಷಿ. ಆದರೆ ಕೆಲವು ತಿಂಗಳಲ್ಲೇ ಅವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಇಳಿದಿತ್ತು. "ಮಾತ್ರೆ ಒಂದಿನಾನೂ ತಪ್ಪಿಸಿಲ್ಲ" ಅಂದರು. ನಿಜವೇ. ಆದರೆ ಕಬ್ಬಿಣದ ಮಾತ್ರೆ ನುಂಗುತ್ತಿದ್ದದ್ದು ಬೆಳಗಿನ ಕಾಫಿ ಜೊತೆ!

ಕಾಫಿ, ಚಹಾದಲ್ಲಿರುವ ಪಾಲಿಫಿನಾಲ್‌ಗಳು ಹೊಟ್ಟೆಯಲ್ಲೇ ಕಬ್ಬಿಣವನ್ನು ಹಿಡಿದುಕೊಳ್ಳುತ್ತವೆ, ರಕ್ತಕ್ಕೆ ಸೇರಲು ಬಿಡಲ್ಲ. ಅದರ ಮೇಲೆ, ಕಬ್ಬಿಣವನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸಣ್ಣ ಕರುಳಿನ ಮೊದಲ ಭಾಗ; ಬೈಪಾಸ್ ಆದವರಲ್ಲಿ ಆಹಾರ ಅಲ್ಲಿಗೆ ಹೋಗೋದೇ ಇಲ್ಲ. ಕಾಫಿಯೊಂದೇ ಕಾರಣ ಅಂತಲ್ಲ, ಆದರೆ ಸಿಗೋ ಅಷ್ಟಿಷ್ಟನ್ನೂ ಅದು ತಡೀತಿತ್ತು. ಹಾಗಂತ ಡಿಕ್ಯಾಫ್ ಕುಡಿದರೆ ಸರಿಹೋಗುತ್ತಾ? ಇಲ್ಲ. ಅದರಲ್ಲಿ ತೆಗೆದಿರೋದು ಕೆಫೀನ್, ಪಾಲಿಫಿನಾಲ್ ಅಲ್ಲ.

ಉಪಾಯ ಸುಲಭ: ಮಾತ್ರೆಗೂ ಕಾಫಿಗೂ ಎರಡು ಗಂಟೆ ಅಂತರ. ಕ್ಯಾಲ್ಸಿಯಂ ಮಾತ್ರೆಗೂ ಕಬ್ಬಿಣದ ಮಾತ್ರೆಗೂ ಅಷ್ಟೇ ಅಂತರ.

ಇನ್ನೆರಡು ಮಾತು

ಬೈಪಾಸ್ ಆದವರಿಗೆ ಸಿಹಿ ಕಾಫಿ ಆಗಿಬರದಿರಬಹುದು. ಸಕ್ಕರೆ ಸೀದಾ ಕರುಳಿಗೆ ಇಳಿದು ಬೆವರು, ಎದೆಬಡಿತ, ಭೇದಿ ಶುರುವಾಗುತ್ತೆ; ಇದಕ್ಕೆ ಡಂಪಿಂಗ್ ಅಂತಾರೆ. ಎನರ್ಜಿ ಡ್ರಿಂಕ್ ಅಂತೂ ಬೇಡವೇ ಬೇಡ: ಗ್ಯಾಸು, ಸಕ್ಕರೆ, ಕೆಫೀನ್ ಮೂರೂ ಒಂದೇ ಡಬ್ಬಿಯಲ್ಲಿ. ಊಟದ ಜೊತೆ ಏನನ್ನೂ ಕುಡಿಯದೆ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು ಅನ್ನೋ ನಿಯಮ ಕಾಫಿಗೂ ಅನ್ವಯ.

ಅಮ್ಮನ ವೈದ್ಯರು ಮಾತ್ರೆಯ ಪ್ರಮಾಣ ಬದಲಿಸಿದರು, ಹೊತ್ತನ್ನೂ ಬದಲಿಸಿದರು. ಈಗ ಕಬ್ಬಿಣ ರಾತ್ರಿ ಮಲಗುವ ಮುಂಚೆ, ಕಾಫಿ ಬೆಳಗ್ಗೆ ಹನ್ನೊಂದಕ್ಕೆ, ಸಕ್ಕರೆ ಇಲ್ಲದೆ ಅರ್ಧ ಲೋಟ. ಮೆಟ್ಟಿಲನ್ನೂ ಆರಾಮಾಗಿ ಹತ್ತುತ್ತಾರೆ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಈ ಸರ್ಜರಿ ಆಗಿದ್ದರೆ ಅವರ ವೈದ್ಯರನ್ನೇ ಕೇಳಿ. "ಕಾಫಿ ಕುಡೀಬಹುದಾ?" ಅಂತಷ್ಟೇ ಅಲ್ಲ, "ಮಾತ್ರೆ ಆದ ಎಷ್ಟು ಹೊತ್ತಿಗೆ?" ಅಂತಲೂ ಕೇಳಿ.