ಕೂತಲ್ಲೇ ಕಾಡು ಸುತ್ತುವವರ ಕಪಾಟು

ಜಾಲಹಳ್ಳಿ ಅಂದರೆ ಈಗ ಬಿಇಎಲ್ ವೃತ್ತದ ಟ್ರಾಫಿಕ್ಕು, ಎಚ್‌ಎಂಟಿಯ ಹಳೆಯ ಕಾಂಪೌಂಡು, ಮೆಟ್ರೊ ನಿಲ್ದಾಣ. ಕೆನೆತ್ ಆಂಡರ್ಸನ್‌ನನ್ನು ಓದಿದವರಿಗೆ ಮಾತ್ರ ಅಲ್ಲಿ ಇನ್ನೂ ಒಂದು ಚಿರತೆ ಓಡಾಡುತ್ತಲೇ ಇರುತ್ತದೆ. ದೇವರಾಯನದುರ್ಗಕ್ಕೆ ನರಸಿಂಹನ ದರ್ಶನಕ್ಕೆಂದು ಹೋದರೂ ಅಂಥವರ ಕಣ್ಣು ಪೊದೆಗಳ ಕಡೆಗೇ. ಹೊಸದುರ್ಗ, ಹೊಳಲ್ಕೆರೆ, ಅರಸೀಕೆರೆ, ತಗರ್ತಿ: ಬಸ್ಸಿನ ಬೋರ್ಡಿನಲ್ಲಿ ಕಾಣುವ ಊರುಗಳಲ್ಲೇ ಆತನ ಸಾಹಸಗಳು ನಡೆದಿವೆ.

ಊರು ಬಿಡದೆ ಲೋಕ ಸುತ್ತುವ ಓದುಗರು ಎಲ್ಲ ಭಾಷೆಯಲ್ಲೂ ಇದ್ದಾರೆ. ಕನ್ನಡದಲ್ಲಿ ಅವರಿಗೆ ಮೊದಲು ಸಿಗುವುದು ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರರ ‘ಅಮೆರಿಕಾದಲ್ಲಿ ಗೊರೂರು’ ತರಹದ ಪ್ರವಾಸ ಕಥನ. ಲೇಖಕರು ಹೋಗಿ ಬಂದು, ಕಂಡದ್ದನ್ನು ರಸವತ್ತಾಗಿ ಹೇಳುತ್ತಾರೆ. ಅವರು ಕ್ಷೇಮವಾಗಿ ಮನೆ ಸೇರುತ್ತಾರೆಂಬ ಬಗ್ಗೆ ಅನುಮಾನವಿಲ್ಲ. ಇನ್ನೊಂದು ಬಗೆಯ ಪುಸ್ತಕಗಳಿವೆ. ಅಲ್ಲಿ ವಾಪಸ್ ಬರುವುದೇ ಖಾತ್ರಿಯಿಲ್ಲ. ಆ ಕಪಾಟನ್ನು ಕನ್ನಡಕ್ಕೆ ಹೆಚ್ಚುಕಡಿಮೆ ಒಬ್ಬರೇ ತುಂಬಿಸಿಕೊಟ್ಟರು ಅಂದರೆ ಅತಿಶಯವಲ್ಲ: ಪೂರ್ಣಚಂದ್ರ ತೇಜಸ್ವಿ (1938–2007).

ಮೂಡಿಗೆರೆಯ ತೋಟದಲ್ಲಿ ಕೂತು ಕಾದಂಬರಿ ಬರೆಯುತ್ತ, ಮೀನು ಹಿಡಿಯುತ್ತ, ಹಕ್ಕಿಗಳ ಫೋಟೊ ತೆಗೆಯುತ್ತ ಅವರು ಮಾಡಿದ ಈ ಅನುವಾದಗಳಿಗೆ ವಿಮರ್ಶಕರು ಅಷ್ಟಾಗಿ ಬೆಲೆ ಕೊಟ್ಟಂತಿಲ್ಲ. ಓದುಗರು ಕೊಟ್ಟರು. ಆಂಡರ್ಸನ್‌ನ ಬೇಟೆಯ ಅನುಭವಗಳು ‘ಕಾಡಿನ ಕಥೆಗಳು’ ಎಂದು ನಾಲ್ಕು ಭಾಗಗಳಲ್ಲಿ ಬಂದವು. ‘ಬೆಳ್ಳಂದೂರಿನ ನರಭಕ್ಷಕ’, ‘ಪೆದ್ದಚೆರುವಿನ ರಾಕ್ಷಸ’, ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಎಂಬ ಹೆಸರುಗಳನ್ನು ಕೇಳಿದರೇ ಅರ್ಧ ಕೆಲಸ ಆದಂತೆ. ಅಕ್ಷರಕ್ಕೆ ಅಕ್ಷರ ಇಳಿಸಿದ್ದಲ್ಲ, ಭಾವಾನುವಾದ. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು, ರಜೆ ಸಿಕ್ಕರೆ ಸ್ಟುಡಿಬೇಕರ್ ಕಾರು ಹತ್ತಿ ಕಾಡಿಗೆ ನುಗ್ಗುತ್ತಿದ್ದ ಸ್ಕಾಟಿಷ್ ಮೂಲದ ಬರಹಗಾರ ಇಲ್ಲಿ ಮಲೆನಾಡಿನ ಯಾವನೋ ಹಳೆಯ ಈಡುಗಾರನಂತೆ ಮಾತಾಡುತ್ತಾನೆ. ಹಳ್ಳಿಗರ ಸಂಭಾಷಣೆಯಂತೂ ಇಂಗ್ಲಿಷಿನಿಂದ ಕನ್ನಡಕ್ಕೆ ಬಂದದ್ದೆನಿಸುವುದಿಲ್ಲ. ಇಂಗ್ಲಿಷಿಗೆ ಹೋಗಿದ್ದದ್ದು ಮನೆಗೆ ಮರಳಿದೆ ಅನಿಸುತ್ತದೆ.

ಇಂಥ ಪುಸ್ತಕಗಳ ರುಚಿ ಇರುವುದು ಗುಂಡು ಹಾರುವ ಪುಟದಲ್ಲಿ ಅಂತ ಬಹಳ ಜನ ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತೇಜಸ್ವಿಯವರೇ ಕನ್ನಡಕ್ಕೆ ತಂದ ಜಿಮ್ ಕಾರ್ಬೆಟ್‌ನ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ನೋಡಿ. ಕೇದಾರ–ಬದರಿಯ ಯಾತ್ರಿಕರ ದಾರಿಯಲ್ಲಿ 1918ರಿಂದ 1926ರವರೆಗೆ 125 ಜನರನ್ನು ತಿಂದಿತೆಂದು ಸರ್ಕಾರಿ ಲೆಕ್ಕದಲ್ಲಿರುವ ಒಂದು ಚಿರತೆಯ ಕಥೆ ಅದು. ಪುಸ್ತಕದ ಬಹುಪಾಲು ತುಂಬಿರುವುದು ಸೋಲು. ವಿಷ ಇಟ್ಟರೂ ಸಾಯಲಿಲ್ಲ, ಬೋನಿಗೆ ಬಿದ್ದರೂ ತಪ್ಪಿಸಿಕೊಂಡಿತು. ಅಲಕನಂದೆಯ ತೂಗುಸೇತುವೆಯ ಗೋಪುರದ ಮೇಲೆ ಕಾರ್ಬೆಟ್ 20 ರಾತ್ರಿ ಕೂರುತ್ತಾನೆ. ಅಷ್ಟು ರಾತ್ರಿಗಳಲ್ಲಿ ಸೇತುವೆ ದಾಟಿದ್ದು ಒಂದು ನರಿ ಮಾತ್ರ. ಕೊನೆಗೆ ಗೋಲಾಬ್ರಾಯ್‌ನ ಮಾವಿನ ಮರದಲ್ಲಿ ಹತ್ತು ರಾತ್ರಿ ಖಾಲಿ ಕಳೆದು, ಹನ್ನೊಂದನೆಯ ರಾತ್ರಿ ಮೇಕೆಯ ಕೊರಳ ಗಂಟೆ ಗಲಗಲ ಅಂದಾಗ ಟಾರ್ಚ್ ಹಾಕಿ ಗುಂಡು ಹಾರಿಸುತ್ತಾನೆ. ಹಾರಿಸಿದ ಮೇಲೆ ಟಾರ್ಚೂ ಆರಿಹೋಗುತ್ತದೆ. ಏಟು ಬಿತ್ತೋ ಇಲ್ಲವೋ ತಿಳಿಯದೆ ಬೆಳಗಾಗುವವರೆಗೆ ಆತ ಮರದ ಮೇಲೆ ಕಾಯಬೇಕು, ನಾವೂ ಕಾಯಬೇಕು. ಸುಳ್ಳು ಹೇಳುವವನು 20 ರಾತ್ರಿ ಕೂರಿಸಿ ಒಂದು ನರಿಯನ್ನು ದಾಟಿಸುವುದಿಲ್ಲ.

ಈ ಮಾತು ಹೇಳಲು ಕಾರಣವಿದೆ. ಇದೇ ಕಪಾಟಿನಲ್ಲಿ ಬಹಳ ಜನ ಮೆಚ್ಚಿದ ಇನ್ನೊಂದು ಪುಸ್ತಕ ‘ಮಹಾಪಲಾಯನ’. ಪೋಲೆಂಡಿನ ಸೈನಿಕ ಸ್ಲಾವೊಮಿರ್ ರಾವಿಚ್ 1956ರಲ್ಲಿ ಪ್ರಕಟಿಸಿದ ಕಥನದ ಕನ್ನಡ ರೂಪ. ಸೈಬೀರಿಯಾದ ಸೆರೆಶಿಬಿರದಿಂದ 1941ರಲ್ಲಿ ಏಳು ಜನ ತಪ್ಪಿಸಿಕೊಳ್ಳುತ್ತಾರೆ. ದಾರಿಯಲ್ಲಿ ಒಬ್ಬ ಹುಡುಗಿ ಜೊತೆಯಾಗುತ್ತಾಳೆ. ಗೋಬಿ ಮರುಭೂಮಿ, ಟಿಬೆಟ್, ಹಿಮಾಲಯ ದಾಟಿ, ಸುಮಾರು 6,500 ಕಿಲೋಮೀಟರ್ ನಡೆದು, ಬದುಕುಳಿದವರು ಭಾರತ ತಲುಪುತ್ತಾರೆ. ಶುರು ಮಾಡಿದರೆ ಕೆಳಗಿಡಲಾಗದು. ಆ ಹುಡುಗಿ ಮರುಭೂಮಿಯಲ್ಲಿ ಸಾಯುವ ಭಾಗವನ್ನು ಓದಿದವರು ಮರೆಯುವುದಿಲ್ಲ.

ಆದರೆ ನಡೆದದ್ದು ಹಾಗಲ್ಲ. ಗೋಬಿಯಲ್ಲಿ ಅಷ್ಟು ದಿನ ನೀರಿಲ್ಲದೆ ಬದುಕಲಾಗದು ಎಂದು ಎರಿಕ್ ಶಿಪ್ಟನ್‌ನಂಥ ಪರ್ವತಾರೋಹಿಗಳು ಆಗಲೇ ಮೂಗು ಮುರಿದಿದ್ದರು. ಹಿಮಾಲಯದಲ್ಲಿ ಯೇತಿಯಂಥ ಎರಡು ಪ್ರಾಣಿಗಳನ್ನು ಕಂಡೆವು ಎಂಬ ಭಾಗ ಬೇರೆ ಇತ್ತು. 2006ರಲ್ಲಿ ಬಿಬಿಸಿ ಹಳೆಯ ಕಡತಗಳನ್ನು ಹೊರತೆಗೆಯಿತು. ಅವುಗಳಲ್ಲಿ ರಾವಿಚ್‌ನ ಸ್ವಂತ ಕೈಬರಹದ ಕಾಗದಗಳೂ ಇದ್ದವು. ಅವುಗಳ ಪ್ರಕಾರ ಪೋಲಿಷ್ ಕೈದಿಗಳಿಗೆ ಸಿಕ್ಕ ಸಾಮೂಹಿಕ ಕ್ಷಮಾದಾನದಲ್ಲಿ ಆತನೂ 1942ರಲ್ಲಿ ಬಿಡುಗಡೆಯಾಗಿ, ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿನ ಶಿಬಿರ ಸೇರಿದ್ದ. ಕೇಳಲು ಆತ ಬದುಕಿರಲಿಲ್ಲ; 2004ರಲ್ಲೇ ತೀರಿಕೊಂಡಿದ್ದ. ಫ್ರೆಂಚ್ ಗಯಾನಾದ ಸೆರೆಮನೆಗಳಿಂದ ಪದೇ ಪದೇ ಪರಾರಿಯಾಗುವ ಆನ್ರಿ ಶಾರಿಯೇರ್‌ನ ‘ಪ್ಯಾಪಿಲಾನ್’ (1969) ಕೂಡ ಇದೇ ಜಾತಿಗೆ ಸೇರಿದ್ದು. ಕನ್ನಡಕ್ಕೆ ಪ್ರದೀಪ ಕೆಂಜಿಗೆ ಮತ್ತು ತೇಜಸ್ವಿ ತಂದದ್ದು. ತೆಂಗಿನಕಾಯಿ ತುಂಬಿದ ಮೂಟೆಯ ಮೇಲೆ ಸಮುದ್ರಕ್ಕಿಳಿಯುವ ಆತನ ಸಾಹಸ ಜಗತ್ಪ್ರಸಿದ್ಧ. ಬೇರೆ ಕೈದಿಗಳ ಅನುಭವಗಳನ್ನು ತನ್ನ ಖಾತೆಗೆ ಸೇರಿಸಿಕೊಂಡಿದ್ದಾನೆಂಬ ಆರೋಪ ಪುಸ್ತಕ ಬಂದ ಮರುವರ್ಷವೇ ಫ್ರಾನ್ಸಿನಲ್ಲಿ ಎದ್ದಿತು.

ಹಾಗಾದರೆ ಓದಬಾರದೇ? ಓದಬೇಕು, ಕಾದಂಬರಿಯಂತೆ ಓದಬೇಕು. ‘ಸುಳ್ಳಾದರೇನು, ಚೆನ್ನಾಗಿದೆಯಲ್ಲ’ ಎಂಬ ಸಮಜಾಯಿಷಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ನಿಜವಾಗಿ ಹೋಗಿ ಬಂದವರಿಗೆ ಅದು ಅನ್ಯಾಯ.

ಅಪ್ಸ್ಲಿ ಚೆರಿ–ಗೆರಾರ್ಡ್‌ನನ್ನು ನೆನೆಸಿಕೊಳ್ಳಿ. ಸ್ಕಾಟ್‌ನ ದಕ್ಷಿಣ ಧ್ರುವ ತಂಡದಲ್ಲಿದ್ದ 25ರ ಯುವಕ. 1911ರ ಜೂನ್ ಕೊನೆಯಲ್ಲಿ, ಅಂಟಾರ್ಕ್ಟಿಕದಲ್ಲಿ ಸೂರ್ಯನೇ ಹುಟ್ಟದ ಕಾಲದಲ್ಲಿ, ವಿಲ್ಸನ್ ಮತ್ತು ಬೋವರ್ಸ್ ಜೊತೆ ಸ್ಲೆಜ್ ಎಳೆಯುತ್ತ ಹೊರಟ. ಎಂಪರರ್ ಪೆಂಗ್ವಿನ್‌ನ ಮೊಟ್ಟೆ ತರಬೇಕಿತ್ತು. ಚಳಿ ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯಿತು. ಒಂದು ಬೆಳಿಗ್ಗೆ ಗುಡಾರದಿಂದ ಹೊರಬಂದು ಸುತ್ತ ನೋಡಲೆಂದು ಆತ ತಲೆ ಎತ್ತಿದ. ಅಷ್ಟರಲ್ಲಿ ಬಟ್ಟೆ ಹೆಪ್ಪುಗಟ್ಟಿ ಸೆಟೆದುಕೊಂಡಿತು, ಮುಂದಿನ ಕೆಲವು ಗಂಟೆ ತಲೆ ಎತ್ತಿಕೊಂಡೇ ಗಾಡಿ ಎಳೆಯಬೇಕಾಯಿತು. ದೃಷ್ಟಿ ಮಂದ, ಆ ಚಳಿಯಲ್ಲಿ ಕನ್ನಡಕ ಹಾಕುವಂತಿಲ್ಲ. ಬಿರುಗಾಳಿಗೆ ಗುಡಾರ ಹಾರಿಹೋಗಿ, ಸಾವು ಖಚಿತವೆಂದು ಚೀಲದೊಳಗೆ ಮಲಗಿ ಹಾಡು ಹಾಡಿಕೊಂಡರು. ಗಾಳಿ ನಿಂತ ಮೇಲೆ ಗುಡಾರ ಇಳಿಜಾರಿನ ಬುಡದಲ್ಲಿ ಸಿಕ್ಕಿತು. ಐದು ವಾರಗಳ ಪ್ರಯಾಣದಿಂದ ತಂದದ್ದು ಮೂರು ಮೊಟ್ಟೆ; ಇನ್ನೆರಡು ದಾರಿಯಲ್ಲೇ ಒಡೆದಿದ್ದವು. ಉಳಿದ ಮೂರನ್ನು ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಕೊಡಲು ಹೋದರೆ ಅಲ್ಲಿ ಕ್ಯಾರೇ ಅನ್ನುವವರಿರಲಿಲ್ಲ. ರಸೀದಿಗಾಗಿ ಕಾದು ಕೂರಬೇಕಾಯಿತು. ಈ ಅಪಮಾನವನ್ನೂ ಆತ 1922ರ ಪುಸ್ತಕದಲ್ಲಿ ಬಿಡದೆ ಬರೆದಿದ್ದಾನೆ. ವಿಲ್ಸನ್, ಬೋವರ್ಸ್ ಇಬ್ಬರೂ ಆಗಲೇ ಸ್ಕಾಟ್ ಜೊತೆ ಮಂಜಿನಲ್ಲಿ ಸತ್ತಿದ್ದರು.

ಹೊಸದಾಗಿ ಶುರು ಮಾಡುವವರು ‘ಕಾಡಿನ ಕಥೆಗಳು’ ಹಿಡಿಯಬಹುದು. ಬಿಡಿ ಕಥೆಗಳಾದ್ದರಿಂದ ಯಾವ ಭಾಗದಿಂದ ಬೇಕಾದರೂ ಸರಿ. ಹೈಸ್ಕೂಲು ಮಕ್ಕಳಿಗೆ ತೇಜಸ್ವಿಯವರ ಮಿಲೇನಿಯಂ ಸರಣಿಯ 16 ಪುಟ್ಟ ಪುಸ್ತಕಗಳಿವೆ. ‘ಪೆಸಿಫಿಕ್ ದ್ವೀಪಗಳು’ ಒಳ್ಳೆಯ ಆರಂಭ. ‘ಪ್ಯಾಪಿಲಾನ್’ ಅವರ ಕೈಗೆ ಈಗಲೇ ಬೇಡ, ಅದರಲ್ಲಿ ಚೂರಿ ಇರಿತ ಜಾಸ್ತಿ. ಇನ್ನು ‘ಮಹಾಪಲಾಯನ’ ಓದುವಾಗ ಪಕ್ಕದಲ್ಲೊಂದು ಅಟ್ಲಾಸ್ ಇಟ್ಟುಕೊಳ್ಳಿ. ಬೈಕಲ್ ಸರೋವರದವರೆಗೆ ಬೆರಳು ಸಲೀಸಾಗಿ ಸಾಗುತ್ತದೆ. ಆಮೇಲೆ ರಾವಿಚ್ ಊರುಗಳ ಹೆಸರು ಹೇಳುವುದೇ ಅಪರೂಪ.