ಹಳೆ ಮನೆಗೆ ಸೋಲಾರ್ ಬಿಸಿನೀರು: ಪೈಪು ಮೊದಲು, ಟ್ಯಾಂಕು ಆಮೇಲೆ

ಜತ್, ಅಕ್ಕಲಕೋಟ ಭಾಗದಲ್ಲಿ ಹಳೆ ಮನೆಯ ದುರಸ್ತಿ ಒಂದೇ ವರ್ಷಕ್ಕೆ ಮುಗಿಯುವುದು ಅಪರೂಪ. ಜೋಳದ ದುಡ್ಡು ಬಂದಾಗ ಬಚ್ಚಲು, ದ್ರಾಕ್ಷಿಯೋ ದಾಳಿಂಬೆಯೋ ಕೈಹಿಡಿದರೆ ಅಡುಗೆಮನೆ, ಮುಂದಿನ ಸಾರಿ ಮಾಳಿಗೆ. ಸೋಲಾರ್ ವಾಟರ್ ಹೀಟರ್ ಮಾತು ಎಲ್ಲಕ್ಕಿಂತ ಕೊನೆಗೆ. ಆಗ ಹೊಸ ಟೈಲ್ಸ್ ಒಡೆದೇ ಪೈಪು ಎಳೆಯಬೇಕಾಗುತ್ತದೆ! ಯಂತ್ರ ಕೊನೆಗೇ ಬರಲಿ, ಅದರ ದಾರಿ ಮಾತ್ರ ಮೊದಲೇ ಆಗಬೇಕು.

ಬಚ್ಚಲಿನ ಗೋಡೆ ಬಿಚ್ಚಿದಾಗಲೇ ಮಾಳಿಗೆಯಿಂದ ತಣ್ಣೀರು, ಬಿಸಿನೀರು ಎರಡೂ ಪೈಪು ಇಳಿಸಿ ಬಾಯಿ ಮುಚ್ಚಿಡಬೇಕು. ಬಿಸಿನೀರಿಗೆ ಸಿಪಿವಿಸಿ ಪೈಪೇ ಆಗಬೇಕು. ಸಾದಾ ಪಿವಿಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುತ್ತದೆ. ಸೋಲಾರ್ ನೀರು ಬೇಸಿಗೆಯಲ್ಲಿ ಅದನ್ನು ಸುಲಭವಾಗಿ ಮೀರುತ್ತದೆ. ಗೌಂಡಿ ಗಿಲಾವು ಹಚ್ಚುವ ಮೊದಲು ಪ್ಲಂಬರ್ ಕೈಪಂಪಿನಿಂದ ಒತ್ತಡ ಹಾಕಿ ಸೋರಿಕೆ ನೋಡಲೇಬೇಕು. ಪೈಪು ಹೋದ ದಾರಿಯ ಒಂದು ಫೋಟೋ ಇದ್ದರೆ ಮುಂದೆ ಡ್ರಿಲ್ ಹಾಕುವಾಗ ಉಪಯೋಗ. ದಾರಿ ಚಿಕ್ಕದಿದ್ದಷ್ಟೂ ಲಾಭ. ಒಳವ್ಯಾಸ 20 ಮಿ.ಮೀ. ಇರುವ 10 ಮೀಟರ್ ಪೈಪಿನಲ್ಲಿ ಸುಮಾರು 3 ಲೀಟರ್ ನೀರು ನಿಂತಿರುತ್ತದೆ, ಅದು ಹರಿದುಹೋದ ಮೇಲೆಯೇ ಬಿಸಿನೀರು. ಕೊಡ ಹೊತ್ತು ನೀರು ತರುವ ಊರಿನಲ್ಲಿ ಇದು ಸಣ್ಣ ಲೆಕ್ಕವಲ್ಲ.

ಸೋಲಾರ್ ಬರುವ ತನಕ ಏನು? ಹಂಡೆ ಒಲೆ ತೆಗೆದವರು ಅಗ್ಗವೆಂದು ಬಚ್ಚಲೊಳಗೇ ಗ್ಯಾಸ್ ಗೀಸರ್ ತೂಗುಹಾಕುತ್ತಾರೆ. ಇದು ಜೀವಕ್ಕೆ ಕುತ್ತು. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುವುದು ಗೊತ್ತಾಗುವಷ್ಟರಲ್ಲಿ ಬಾಗಿಲು ತೆರೆಯುವ ಶಕ್ತಿಯೇ ಉಳಿದಿರುವುದಿಲ್ಲ. ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಲಿ. ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ.

ಇನ್ನು ಮಾಳಿಗೆ. 200 ಲೀಟರ್ ಟ್ಯಾಂಕಿನಲ್ಲಿ ನೀರಿನ ತೂಕವೇ 200 ಕಿಲೋ. ಹಳೆಯ ಮಣ್ಣಿನ ಮಾಳಿಗೆ ಮೇಲೆ ಇದನ್ನು ಇಡುವ ಮಾತೇ ಬೇಡ. ಆರ್‌ಸಿಸಿ ಸ್ಲ್ಯಾಬ್ ಆದ ಮೇಲೆಯೇ. ತಣ್ಣೀರಿನ ಟ್ಯಾಂಕು ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿ ಇರಬೇಕು, ಇಲ್ಲವಾದರೆ ನೀರು ತಾನಾಗಿ ಇಳಿಯದು. ಎರಡಕ್ಕೂ ಕಟ್ಟೆಯನ್ನು ವಾಟರ್‌ಪ್ರೂಫಿಂಗ್‌ಗಿಂತ ಮೊದಲೇ ಕಟ್ಟಿಸಿದರೆ ಮತ್ತೆ ಸ್ಲ್ಯಾಬ್ ಕೊರೆಯುವುದು ತಪ್ಪುತ್ತದೆ. ಸೋಲಾರ್ ಟ್ಯಾಂಕಿನ ನೆತ್ತಿಯಿಂದ ಏಳುವ ಹವಾ ಕೊಳವೆ ತಣ್ಣೀರಿನ ಟ್ಯಾಂಕಿಗಿಂತ ಮೇಲೆ ಹೋಗಬೇಕು. ನೀರು ಚೆಲ್ಲುತ್ತದೆಂದು ಕೆಲವರು ಅದಕ್ಕೆ ಮುಚ್ಚಳ ಬಡಿಯುತ್ತಾರೆ. ಉಸಿರು ಕಟ್ಟಿದ ಟ್ಯಾಂಕು ಒಳಕ್ಕೆ ಕುಗ್ಗಬಹುದು, ಒಡೆಯಲೂಬಹುದು.

ಯಾವ ಬಗೆಯದು ಕೊಳ್ಳಬೇಕು ಎಂಬುದಕ್ಕೆ ಬೋರ್‌ವೆಲ್ ನೀರೇ ಉತ್ತರ. ಗಡಸು ನೀರಾದರೆ ಫ್ಲ್ಯಾಟ್ ಪ್ಲೇಟ್‌ನ ಸಣ್ಣ ತಾಮ್ರದ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ. ಅಂಥಲ್ಲಿ ಗಾಜಿನ ಟ್ಯೂಬಿನದೇ ಅನುಕೂಲ, ಟ್ಯೂಬು ಬಿಚ್ಚಿ ತೊಳೆಯಬಹುದು. ಮುಖ ದಕ್ಷಿಣಕ್ಕೆ.

ಟ್ಯೂಬು ಕೂಡಿಸಿದ ದಿನ ಮಧ್ಯಾಹ್ನ ನೀರು ಬಿಡಬಾರದು. ಖಾಲಿ ಟ್ಯೂಬು ಬಿಸಿಲಿಗೆ ಕಾದಿರುತ್ತದೆ, ತಣ್ಣೀರು ತಗುಲಿದರೆ ಗಾಜು ಚಟ್ಟನೆ ಒಡೆಯುತ್ತದೆ. ನೀರು ತುಂಬುವ ತನಕ ಗೋಣಿತಟ್ಟು ಹೊದಿಸಿಟ್ಟು, ಸೂರ್ಯ ಏಳುವ ಮೊದಲೇ ತುಂಬಿಸಿದರೆ ಅದೇ ಸಂಜೆಗೆ ಬಚ್ಚಲಲ್ಲಿ ಬಿಸಿನೀರು.