ಕೊಳಗದ ಲೆಕ್ಕ ಕೇಳಿದ ಕಾಗೋಡು

1951ರ ಏಪ್ರಿಲ್ 18. ತೆಲಂಗಾಣದ ಪೋಚಂಪಳ್ಳಿಗೆ ಬಂದಿದ್ದ ವಿನೋಬಾ ಭಾವೆಯವರ ಮುಂದೆ ದಲಿತ ಕುಟುಂಬಗಳು ಉಳಲು ನೆಲ ಬೇಕೆಂದು ಕೇಳಿಕೊಂಡವು. ಅಲ್ಲೇ ಇದ್ದ ಜಮೀನುದಾರ ರಾಮಚಂದ್ರ ರೆಡ್ಡಿ ಎದ್ದು ನಿಂತು ನೂರು ಎಕರೆ ಕೊಡುವುದಾಗಿ ಹೇಳಿದರು. ಭೂದಾನ ಚಳವಳಿ ಹೀಗೆ ಹುಟ್ಟಿತು.

ಅದೇ ದಿನ, ಮಲೆನಾಡಿನ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ, ಯಾರ ದಾನಕ್ಕೂ ಕಾಯದೆ ಗೇಣಿದಾರರು ನೇಗಿಲು ಹೊತ್ತು ಗದ್ದೆಗಿಳಿದರು. ಅವರೇ ಉತ್ತು ಬಿತ್ತಿದ್ದ ಗದ್ದೆ ಅದು; ಧಣಿಗಳು ಅವರನ್ನು ಅದರಿಂದ ಬಿಡಿಸಿದ್ದರು. ಸ್ವತಂತ್ರ ಭಾರತದಲ್ಲಿ ರೈತರು ನಡೆಸಿದ ಮೊದಮೊದಲ ಸತ್ಯಾಗ್ರಹಗಳಲ್ಲಿ ಒಂದು ಶುರುವಾದದ್ದು ಆ ಉಳುಮೆಯಿಂದ.

ಜಗಳದ ಮೂಲ ಹುಡುಕುತ್ತ ಹೋದರೆ ಸಿಗುವುದು ಒಂದು ಕೊಳಗ. ಭತ್ತ ಅಳೆಯುವ ಪಾತ್ರೆ. ಸುಗ್ಗಿ ಮುಗಿದು ಕಣದಲ್ಲಿ ರಾಶಿ ಬಿದ್ದ ಮೇಲೆ ಮೊದಲು ಅಳೆಯಬೇಕಾದದ್ದು ಒಡೆಯನ ಗೇಣಿ. ಅಳೆಯುವವನು ಮೊದಲ ಕೊಳಗಕ್ಕೆ ಒಂದು ಎನ್ನದೆ ‘ಲಾಭ’ ಎನ್ನುತ್ತಾನೆ, ಆಮೇಲೆ ಎರಡು, ಮೂರು. ಎಣಿಕೆಯಲ್ಲಿ ತಪ್ಪಿರುತ್ತಿರಲಿಲ್ಲ, ತಪ್ಪಿದ್ದದ್ದು ಪಾತ್ರೆಯಲ್ಲಿ. ಧಣಿಯ ಮನೆಯಿಂದ ಬರುತ್ತಿದ್ದ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಇಷ್ಟು ಕೊಳಗ ಗೇಣಿ ಎಂದು ಮಾತಾಗಿದ್ದರೂ, ಪ್ರತಿ ಕೊಳಗದ ಜೊತೆ ಒಂದಿಷ್ಟು ಹೆಚ್ಚಿನ ಭತ್ತ ಒಡೆಯನ ಪಣತಕ್ಕೆ ಹೋಗುತ್ತಿತ್ತು. ವರ್ಷವಿಡೀ ಕೆಸರಲ್ಲಿ ದುಡಿದವನು ತನ್ನ ಪಾಲು ಕರಗುವುದನ್ನು ಕಣ್ಣಾರೆ ನೋಡುತ್ತ ನಿಂತಿರಬೇಕಿತ್ತು.

ಗೇಣಿ ಕೊಟ್ಟದ್ದಕ್ಕೆ ರಸೀದಿಯೂ ಇರಲಿಲ್ಲ. ಈ ಮಾತನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ. ರಸೀದಿ ಇಲ್ಲದವನು ಬಾಕಿ ತೀರಿಸಿದ್ದೇನೆಂದು ಸಾಧಿಸಲಾರ. ಅಪ್ಪ, ಅಜ್ಜನ ಕಾಲದಿಂದ ಇದೇ ಗದ್ದೆ ಉಳುತ್ತಿದ್ದೇನೆಂದೂ ಸಾಧಿಸಲಾರ. ಧಣಿ ಮನಸ್ಸು ಮಾಡಿದ ದಿನ ಅವನು ನಿನ್ನೆಯವರೆಗೆ ಅಲ್ಲಿ ಇರಲೇ ಇಲ್ಲವೇನೋ ಎಂಬಂತೆ ಹೊರಗೆ ನಿಲ್ಲುತ್ತಿದ್ದ.

ಕಾಗೋಡಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಗೇಣಿಯ ಜೊತೆಗೆ ಧಣಿಯ ಮನೆಯ ಬಿಟ್ಟಿ ಚಾಕರಿಯೂ ಅವರ ಹೆಗಲಿಗೇ. ಮೊಣಕಾಲಿನಿಂದ ಕೆಳಗೆ ಪಂಚೆ ಇಳಿಬಿಟ್ಟು ಧಣಿಯೆದುರು ನಡೆದರೆ ಅದೂ ಉದ್ಧಟತನವೇ. ಆದ್ದರಿಂದ ಕೊಳಗದ ಪ್ರಶ್ನೆ ಬರಿಯ ಭತ್ತದ ಪ್ರಶ್ನೆಯಾಗಿರಲಿಲ್ಲ. ಸರಿಯಾಗಿ ಅಳೆಯಿರಿ ಎಂದು ಹೇಳುವುದಕ್ಕೇ ಮೊದಲು ತಲೆಯೆತ್ತಿ ನಿಲ್ಲಬೇಕಿತ್ತು.

ಆ ಧೈರ್ಯ ಒಂದು ದಿನದಲ್ಲಿ ಬಂದದ್ದಲ್ಲ. ಎಚ್. ಗಣಪತಿಯಪ್ಪನವರು ಸಾಗರ ತಾಲ್ಲೂಕಿನ ಊರೂರು ತಿರುಗಿ ಗೇಣಿದಾರರನ್ನು ಒಟ್ಟುಗೂಡಿಸಿ ರೈತ ಸಂಘ ಕಟ್ಟಿದ್ದರು. ಕಾಗೋಡಿನಂಥ ಹಳ್ಳಿಯಲ್ಲಿ ಒಬ್ಬಂಟಿ ಗೇಣಿದಾರ ಏನೂ ಮಾಡಲಾರ, ಆದರೆ ಹತ್ತು ಮನೆಯವರು ಒಟ್ಟಿಗೆ ಹಳೆಯ ಕೊಳಗದಲ್ಲಿ ಅಳೆಯುವುದಿಲ್ಲ ಎಂದರೆ ಮಾತಿಗೆ ತೂಕ ಬರುತ್ತದೆ. ಕೇಳಿದ್ದಾದರೂ ಎಷ್ಟು? ಅಳತೆ ನ್ಯಾಯವಾಗಿರಲಿ, ರಸೀದಿ ಕೊಡಿ. ಭೂಮಿ ನಮ್ಮದು ಎಂಬ ಮಾತು ಆಗಿನ್ನೂ ಅವರ ಬಾಯಲ್ಲಿ ಬಂದಿರಲಿಲ್ಲ. ಧಣಿಗಳು ಆ ಸಣ್ಣ ಬೇಡಿಕೆಗೂ ಒಪ್ಪಲಿಲ್ಲ. ಉಳುಮೆಯಿಂದ ಬಿಡಿಸಿದರು. ‘ಉಳುವವನೇ ಹೊಲದೊಡೆಯ’ ಎಂಬ ಕೂಗಿಗೆ ಕಾಗೋಡಿನಲ್ಲಿ ಜೀವ ಬಂದದ್ದು ಆ ನಿರಾಕರಣೆಯ ನಂತರ.

ಸಮಾಜವಾದಿ ಪಕ್ಷದ ತರುಣರು ಬಂದು ಸೇರಿಕೊಂಡರು. ಅವರ ಮುಂಚೂಣಿಯಲ್ಲಿದ್ದವರು ತೀರ್ಥಹಳ್ಳಿ ಕಡೆಯ ಶಾಂತವೇರಿ ಗೋಪಾಲಗೌಡ. ಆಗ ಇನ್ನೂ 28ರ ವಯಸ್ಸು. ಸತ್ಯಾಗ್ರಹಿಗಳು ತಂಡ ತಂಡವಾಗಿ ಗದ್ದೆಗೆ ಹೋಗುವುದು, ಪೊಲೀಸರು ಹಿಡಿದೊಯ್ಯುವುದು, ಮತ್ತೊಂದು ತಂಡ ಸಿದ್ಧವಾಗುವುದು ನಡೆದೇ ಇತ್ತು. ಗಂಡಸರು ಜೈಲಿಗೆ ಹೋದ ಮನೆಗಳಲ್ಲಿ ಒಲೆ ಹೊತ್ತಿಸುವ, ಮಕ್ಕಳ ಹೊಟ್ಟೆ ಹೊರೆಯುವ ಭಾರ ಹೆಂಗಸರ ಮೇಲೆ ಬಿತ್ತು. ಚಳವಳಿಯ ಚರಿತ್ರೆಯಲ್ಲಿ ಅವರಲ್ಲಿ ಹೆಚ್ಚಿನವರ ಹೆಸರೇ ಇಲ್ಲದಿರುವುದು ನೋವಿನ ಸಂಗತಿ.

ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದರು. ಸರ್ಕಾರ ಅವರನ್ನೂ ಬಂಧಿಸಿತು. ಅಲ್ಲಿಯವರೆಗೆ ಶಿವಮೊಗ್ಗದ ಆಚೆ ಹೆಚ್ಚು ಜನಕ್ಕೆ ತಿಳಿದಿರದ ಹಳ್ಳಿಯ ಹೆಸರು ದೇಶದ ಪತ್ರಿಕೆಗಳಿಗೆ ಹೋಯಿತು. ಆಗ ಮೈಸೂರಿನಲ್ಲಿ ಕೆ.ಸಿ. ರೆಡ್ಡಿಯವರ ಕಾಂಗ್ರೆಸ್ ಸರ್ಕಾರ. ನಾಲ್ಕು ವರ್ಷದ ಹಿಂದೆ ಸತ್ಯಾಗ್ರಹ ಮಾಡಿ ಜೈಲು ಕಂಡವರೇ ಈಗ ಸತ್ಯಾಗ್ರಹಿಗಳನ್ನು ಜೈಲಿಗೆ ಕಳಿಸುವ ಸ್ಥಾನದಲ್ಲಿದ್ದರು.

ಆ ವರ್ಷ ಯಾರ ಕೈಗೂ ಭೂಮಿ ಬರಲಿಲ್ಲ. ಹಾಗೆಂದು ಕಾಗೋಡು ಸೋತಿತೆನ್ನುವುದು ಅವಸರದ ಮಾತು. 1952ರ ಮೊದಲ ಚುನಾವಣೆಯಲ್ಲಿ ಇದೇ ಸೀಮೆಯ ಜನ ಗೋಪಾಲಗೌಡರನ್ನು ವಿಧಾನಸಭೆಗೆ ಆರಿಸಿ ಕಳಿಸಿದರು. ಗದ್ದೆಯ ಬದುವಿನ ಮೇಲೆ ಆಡಿದ ಮಾತು ಸದನದಲ್ಲಿ ಕೇಳಿಸತೊಡಗಿತು. ಮುಂದೆ ಮುಖ್ಯಮಂತ್ರಿಗಳಾದ ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್ ಇಬ್ಬರೂ ಇದೇ ಜಿಲ್ಲೆಯ ಸಮಾಜವಾದಿ ಗರಡಿಯಲ್ಲಿ ಪಳಗಿದವರು.

ಕಾನೂನು ಬರುವುದಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು. 1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1965ರಲ್ಲಿ. ಗೇಣಿ ಪದ್ಧತಿಯ ಬೇರನ್ನೇ ಕಿತ್ತ ಮುಖ್ಯಮಂತ್ರಿ ದೇವರಾಜ ಅರಸರ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ರಂದು. ಗೋಪಾಲಗೌಡರು ಅದನ್ನು ನೋಡಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು. ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಕೂತವು. ಗೇಣಿದಾರ 7ನೇ ನಮೂನೆಯ ಅರ್ಜಿ ತುಂಬಿ, ಈ ಗದ್ದೆ ಉಳುತ್ತಿರುವವನು ನಾನು ಎಂದು ಮಂಡಳಿಯೆದುರು ಹೇಳಿಕೊಳ್ಳಬೇಕಿತ್ತು. ಅಲ್ಲಿ ಮತ್ತೆ ಎದುರಾದದ್ದು ಕಾಗೋಡಿನ ಹಳೆಯ ಪ್ರಶ್ನೆಯೇ: ಕಾಗದವೆಲ್ಲಿ, ರಸೀದಿಯೆಲ್ಲಿ? ಪಹಣಿಯಲ್ಲಿ ಹೆಸರಿದ್ದವನ ದಾರಿ ಸುಗಮವಾಯಿತು. ಇಲ್ಲದವನು ನೆರೆಹೊರೆಯವರ ಸಾಕ್ಷ್ಯವನ್ನೇ ನೆಚ್ಚಿಕೊಳ್ಳಬೇಕಾಯಿತು.

1951ರಲ್ಲಿ ಕಾಗೋಡಿನ ತಿಮ್ಮಪ್ಪ ಇಪ್ಪತ್ತರ ಹೊಸ್ತಿಲಲ್ಲಿದ್ದ ಹುಡುಗ. ಊರಿನ ಹೆಸರನ್ನೇ ತಮ್ಮ ಹೆಸರಿಗೆ ಹೊತ್ತು ರಾಜಕೀಯಕ್ಕೆ ಬಂದ ಅವರು ವಿಧಾನಸಭೆಯ ಅಧ್ಯಕ್ಷರಾದರು. 2016ರಲ್ಲಿ ರಾಜ್ಯದ ಕಂದಾಯ ಮಂತ್ರಿಯಾದರು. ಪಹಣಿಗಳೆಲ್ಲ ಇರುವುದು ಆ ಇಲಾಖೆಯ ಸುಪರ್ದಿಯಲ್ಲೇ.